ಹಳೇ ಸೈನಿಕ ಟೋಪಿ ಅಸಲಿಯೇ? ಯುವಿ ಟಾರ್ಚ್, ಬೆಂಕಿ, ಭೂತಗನ್ನಡಿ: ನಾನು ಮೂರನ್ನೂ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಭೂತಗನ್ನಡಿಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಜೇಬಿನಲ್ಲಿ ಹಿಡಿಯುವ ಪುಟ್ಟ ಗಾಜು. ಟಾರ್ಚನ್ನು ನಂಬಿ ಒಂದು ನಕಲಿ ಟೋಪಿಗೆ ದುಡ್ಡು ಕೊಟ್ಟ ಮೇಲೆ ಈ ಬುದ್ಧಿ ಬಂತು.

ಅದು ಬ್ರಿಟಿಷ್ ಸೈನಿಕನ ಪೀಕ್ ಕ್ಯಾಪ್, ಅಂದರೆ ಹಣೆಯ ಮುಂದೆ ಚಾಚಿದ ಅಂಚಿರುವ ಟೋಪಿ. ಒಳಗೆ, ಹಣೆಗೆ ತಾಗುವ ಚರ್ಮದ ಪಟ್ಟಿಯ ಮೇಲೆ ಸರ್ಕಾರದ ಬಾಣದ ಗುರುತು, 1941 ಎಂಬ ಮುದ್ರೆ. ಯುವಿ, ಅಂದರೆ ಅತಿನೇರಳೆ ಬೆಳಕಿನ ಟಾರ್ಚ್ ಬಿಟ್ಟು ನೋಡಿದೆ. ಒಂದು ಎಳೆಯೂ ಹೊಳೆಯಲಿಲ್ಲ. ಖುಷಿಯಿಂದ ಕೊಂಡೆ.

ಟಾರ್ಚಿನ ಲೆಕ್ಕ ಸರಳ. ಬಟ್ಟೆ ಬೆಳ್ಳಗೆ ಕಾಣಲಿ ಎಂದು ದಾರಕ್ಕೂ ಸೋಪಿನ ಪುಡಿಗೂ ಸೇರಿಸುವ ಆಪ್ಟಿಕಲ್ ಬ್ರೈಟ್ನರ್ ಎರಡನೇ ಮಹಾಯುದ್ಧದ ನಂತರವೇ ಎಲ್ಲೆಡೆ ಬಳಕೆಗೆ ಬಂದದ್ದು. ಅದು ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ಹೊಳೆದರೆ ಹೊಸದು, ಹೊಳೆಯದಿದ್ದರೆ ಹಳೆಯದು ಅಂತ ನಂಬಿದ್ದೆ.

ತಕರಾರು ಶುರುವಾಗುವುದೇ ಇಲ್ಲಿ. ನನ್ನ ಮೊದಲ ಟಾರ್ಚಿನ ಬೆಳಕಿನ ಅಲೆಯುದ್ದ 395 ನ್ಯಾನೋಮೀಟರ್. ಅದರ ನೇರಳೆ ಬೆಳಕು ಕಣ್ಣಿಗೇ ಕಾಣುತ್ತದೆ, ಬಿಳಿ ಎಳೆಯೆಲ್ಲ ನೇರಳೆಯಾಗಿಬಿಡುತ್ತದೆ. ಹೊಳೆಯುತ್ತಿರುವುದು ದಾರವೋ, ಬರೀ ಟಾರ್ಚಿನ ಬಣ್ಣವೋ ಗೊತ್ತಾಗುವುದಿಲ್ಲ. ಆಮೇಲೆ ಜಾಸ್ತಿ ದುಡ್ಡು ಕೊಟ್ಟು 365ರದ್ದು ತಂದೆ. ನೋಟ ಸ್ಪಷ್ಟವಾಯಿತು, ನಿಜ. ಆದರೂ ಅನುಮಾನ ಹೋಗಲಿಲ್ಲ. ಹೊಳೆಯದ ಒಂದು ಹಳೇ ಹತ್ತಿ ಚೂರನ್ನು ಸೋಪಿನ ಪುಡಿಯಲ್ಲಿ ಒಗೆದು ಒಣಗಿಸಿ ನೋಡಿದೆ. ನೀಲಿಯಾಗಿ ಹೊಳೆಯಿತು! ಅಂದರೆ ಯಾರೋ ಪ್ರೀತಿಯಿಂದ ಒಗೆದಿಟ್ಟ ಅಸಲಿ ಟೋಪಿಯನ್ನೂ ಈ ಟಾರ್ಚ್ ನಕಲಿ ಅನ್ನುತ್ತದೆ. ಇನ್ನೊಂದು ಕಡೆ, ಬ್ರೈಟ್ನರ್ ಇಲ್ಲದ ದಾರ, ಗಾಢ ಬಣ್ಣದ ಉಣ್ಣೆ ಇವತ್ತಿಗೂ ಸಿಗುತ್ತವೆ. ನನ್ನ ಟೋಪಿಯಲ್ಲಿ ಆಗಿದ್ದು ಇದೇ.

ಬೆಂಕಿ ಪರೀಕ್ಷೆ ಒಂದೇ ಸಲ ಮಾಡಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಎಳೆ ಯಾವುದರದ್ದು ಅಂತ ಗೊತ್ತಾಗುತ್ತದೆ, ಆದರೆ ಅದಕ್ಕೆ ಟೋಪಿಯಿಂದ ಎಳೆ ಕೀಳಬೇಕು. ನನಗೆ ಮನಸ್ಸು ಬರುವುದಿಲ್ಲ.

ಈಗ ಭೂತಗನ್ನಡಿ. ಕೊಂಡ ಮೇಲೆ ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಆ 1941ರ ಮುದ್ರೆಯನ್ನು ನೋಡಿದೆ. ಚರ್ಮದಲ್ಲಿ ಸಣ್ಣ ಬಿರುಕುಗಳಿದ್ದವು. ಶಾಯಿ ಆ ಬಿರುಕುಗಳ ಒಳಗೆ ಇಳಿದಿತ್ತು. ಮುದ್ರೆ ಮೊದಲು ಬಿದ್ದು ಚರ್ಮ ಆಮೇಲೆ ಬಿರಿದಿದ್ದರೆ ಬಿರುಕು ಅಕ್ಷರವನ್ನು ಸೀಳಬೇಕು, ಅದರ ತಳದಲ್ಲಿ ಶಾಯಿ ಇರಬಾರದು, ಅಲ್ವಾ? ಬೆವರಿನ ಕಲೆಯೂ ಶಾಯಿಯ ಕೆಳಗೇ ಇತ್ತು. ಹಳೇ ಚರ್ಮಕ್ಕೆ ಯಾರೋ ಹೊಸದಾಗಿ ಮುದ್ರೆ ಒತ್ತಿದ್ದರು. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಅನ್ನುವುದನ್ನು ಟಾರ್ಚ್ ಹೇಳಲಾರದು, ಗಾಜು ತೋರಿಸುತ್ತದೆ.

ಬ್ಯಾಡ್ಜ್ ಇದ್ದ ಜಾಗಕ್ಕೂ ಇದೇ ಮಾತು. ವರ್ಷಗಟ್ಟಲೆ ಒಂದೇ ಕಡೆ ಕೂತ ಬ್ಯಾಡ್ಜಿನ ಹಿಂದೆ ಬಟ್ಟೆಯ ಬಣ್ಣ ಅಷ್ಟಾಗಿ ಮಾಸಿರುವುದಿಲ್ಲ, ಅಂಚಿನ ಒತ್ತು ಉಳಿದಿರುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ.

ಬ್ಯಾಡ್ಜಿನ ಮೇಲಿರುವ ಕಿರೀಟದ ಚಿತ್ರಕ್ಕೆ ಬರಿಗಣ್ಣೇ ಸಾಕು. 1952ರವರೆಗಿನ ರಾಜರ ಕಾಲದ ಬ್ಯಾಡ್ಜಿನಲ್ಲಿ ಕಿರೀಟದ ಕಮಾನು ಗುಂಡಗಿರುತ್ತದೆ, ರಾಣಿ ಎರಡನೇ ಎಲಿಜಬೆತ್ ಕಾಲದ್ದರಲ್ಲಿ ನಡುವೆ ತಗ್ಗು. 1941ರ ಟೋಪಿಗೆ ತಗ್ಗಿನ ಕಿರೀಟವಿದ್ದರೆ ಆ ಬ್ಯಾಡ್ಜ್ ಆಮೇಲೆ ಸೇರಿದ್ದು. ಆದರೆ ಈಗಿನ ರಾಜ ಚಾರ್ಲ್ಸ್ 2022ರಲ್ಲಿ ಮತ್ತೆ ಗುಂಡನೆಯದನ್ನೇ ಆರಿಸಿಕೊಂಡಿದ್ದಾರೆ. ಹಾಗಾಗಿ ಗುಂಡಗಿದೆ ಅಂತ ಸುಮ್ನೆ ಹಳೆಯದು ಅನ್ನುವ ಹಾಗಿಲ್ಲ. ಭಾರತೀಯ ಸೇನೆಯಲ್ಲಿ 1950ರ ಜನವರಿ 26ರಿಂದ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು.

ನಾನು ವರ್ಷಕ್ಕೆ ಒಂದೋ ಎರಡೋ ಟೋಪಿ ಕೊಳ್ಳುವವನು, ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿಯೇ ಕೊಳ್ಳುತ್ತೇನೆ. ನನಗೆ ಗಾಜು ಸಾಕು, ಬೆಲೆಯೂ ಒಳ್ಳೆಯ ಟಾರ್ಚಿಗಿಂತ ಕಡಿಮೆ. ದಿನಕ್ಕೆ ಹತ್ತಾರು ಟೋಪಿ ಜರಡಿ ಹಿಡಿಯುವವರಿಗೆ 365ರ ಟಾರ್ಚ್ ಸಮಯ ಉಳಿಸಬಹುದು. ಫೋಟೋ ನೋಡಿ ಕೊಳ್ಳುವವರು ಒಳಪಟ್ಟಿಯ ಮುದ್ರೆಯನ್ನು ತೀರಾ ಹತ್ತಿರದಿಂದ, ಪಕ್ಕದಿಂದ ಬೆಳಕು ಬೀಳುವಂತೆ ತೆಗೆದು ಕಳಿಸಿ ಎಂದು ಕೇಳಿ. ಕಳಿಸದಿದ್ದರೆ ನಾನಂತೂ ಆ ಟೋಪಿ ಬಿಟ್ಟುಬಿಡುತ್ತೇನೆ.