ಗ್ರಾಫಿಕ್ಸ್ ಕಾರ್ಡಿನ ಹೆಸರು ಒಂದು, ಒಳಗಿನ ಚಿಪ್ ಇನ್ನೊಂದು

ಕಂಪ್ಯೂಟರಿಗೆ ಅಗ್ಗದ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಬಿಡಿಭಾಗ) ಹಾಕಿಸಿದ ಮೇಲೂ ಆಟ ತಡವರಿಸುತ್ತಿದ್ದರೆ, ಬೇರೆ ಬಿಡಿಭಾಗಗಳಿಗೆ ದುಡ್ಡು ಸುರಿಯುವ ಮುನ್ನ ಆ ಕಾರ್ಡು ನಿಜವಾಗಿ ಯಾವುದೆಂದು ಪರೀಕ್ಷಿಸಿ. ನಮ್ಮ ಮನೆಯ ಕಂಪ್ಯೂಟರಿಗೆ ಅಂಗಡಿಯವರು ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಬದಲಿಸಿದರು, ರ್‍ಯಾಮ್ ಸೇರಿಸಿದರು, ವಿಂಡೋಸ್ ಅಳಿಸಿ ಮತ್ತೆ ಹಾಕಿದರು. ಪ್ರತಿಯೊಂದಕ್ಕೂ ಬೇರೆ ಬೇರೆ ಹಣ. ಕಾರ್ಡಿನ ಮಾತೆತ್ತಿದರೆ ಮಾತ್ರ ‘ಅದು ಹೊಚ್ಚ ಹೊಸದು ಸಾರ್’ ಎಂಬ ಒಂದೇ ಉತ್ತರ.

ಮಗ ಆಡುವುದು ಜಿಟಿಎ 5. ಅದಕ್ಕೆಂದೇ ಎನ್‌ವಿಡಿಯಾ ಕಂಪನಿಯ, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ ಕಾರ್ಡು ಕೊಂಡಿದ್ದೆವು. 2016ರ ಕಾರ್ಡಾದರೂ ಆ ಆಟಕ್ಕೆ ಧಾರಾಳವಾಗಿ ಸಾಕು. ಬಿಡಿಭಾಗಗಳ ಹೆಸರು ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲೂ ಅದೇ ಹೆಸರು ಕಾಣುತ್ತಿತ್ತು. ಆದರೆ ಚಿತ್ರದ ಗುಣಮಟ್ಟವನ್ನು ತೀರ ಇಳಿಸಿದಾಗ ಆಟ ಹೇಗೋ ತೆವಳುತ್ತಿತ್ತು. ಸ್ವಲ್ಪ ಏರಿಸಿದರೆ ಪರದೆಯ ತುಂಬ ಬಣ್ಣದ ಚೌಕಗಳು ಮೂಡಿ ಎಲ್ಲವೂ ನಿಂತುಬಿಡುತ್ತಿತ್ತು.

ಅಂಗಡಿಯವರು ಕೊಟ್ಟ ಕಾರಣಗಳು ಸುಳ್ಳು ಎನ್ನುವಂತಿಲ್ಲ, ತೊಡಕಿರುವುದೇ ಅಲ್ಲಿ. ರ್‍ಯಾಮ್ ಒಂದೇ ಕಡ್ಡಿ ಇದ್ದರೂ, ದೂಳು ತುಂಬಿ ಪ್ರೊಸೆಸರ್ ಕಾದರೂ, ಮಾನಿಟರಿನ ಕೇಬಲ್ಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೂ ಆಟ ನಿಧಾನವಾಗುತ್ತದೆ. ಇವನ್ನೆಲ್ಲ ನೋಡಲೇಬೇಕು, ಕೇಬಲ್ ನೋಡುವುದಕ್ಕಂತೂ ಕಾಸು ಖರ್ಚಿಲ್ಲ. ನನಗೆ ಅನುಮಾನ ಹುಟ್ಟಿಸಿದ್ದು ಅವರ ಇನ್ನೊಂದು ಮಾತು: ‘ಎನ್‌ವಿಡಿಯಾ ಜಾಲತಾಣದಿಂದ ಡ್ರೈವರ್ ಹಾಕಬೇಡಿ, ನಾವು ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದೇ ಇರಲಿ.’ ಡ್ರೈವರ್ ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ತಯಾರಕರ ಡ್ರೈವರಿಗೇ ಹೆದರುವ ಕಾರ್ಡು ಎಂಥದ್ದು?

ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಉತ್ತರ ಕೊಟ್ಟಿತು. 2018ರಿಂದೀಚೆಗಿನ ಅದರ ಆವೃತ್ತಿಗಳು ನಕಲಿ ಕಾರ್ಡುಗಳನ್ನು ಗುರುತಿಸಿ, ಹೆಸರಿನ ಆರಂಭದಲ್ಲೇ ‘ಫೇಕ್’ ಎಂದು ಬರೆದು ತೋರಿಸುತ್ತವೆ. ಅಸಲಿ 1050 ಟಿಐಯಲ್ಲಿ 768 ಶೇಡರ್‌ಗಳಿರಬೇಕು (ಶೇಡರ್ ಎಂದರೆ ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕ). ನಮ್ಮದರಲ್ಲಿ ಇದ್ದದ್ದು 192. ಒಳಗಿದ್ದದ್ದು 2010–11ರ ಕಾಲದ, ಎನ್‌ವಿಡಿಯಾದ್ದೇ ಫರ್ಮಿ ಎಂಬ ಹಳೆಯ ಪೀಳಿಗೆಯ ಚಿಪ್. ಹಳೆಯ ಕಾರ್ಡಿನ ಬಯೋಸ್ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ) ತಿದ್ದಿ ಹೊಸ ಕಾರ್ಡಿನ ಗುರುತು ತುಂಬಿಸಿಬಿಟ್ಟರೆ ವಿಂಡೋಸ್ ಅದನ್ನೇ ನಂಬಿ ಹೆಸರು ತೋರಿಸುತ್ತದೆ. 4 ಜಿಬಿ ಎಂಬುದೂ ಹಾಗೆಯೇ ಬರೆದದ್ದು. ನಿಜಕ್ಕೂ ಇರುವುದು 1 ಜಿಬಿ. ಆಟ ಅದಕ್ಕಿಂತ ಹೆಚ್ಚು ಕೇಳಿದೊಡನೆ ಇಲ್ಲದ ಜಾಗಕ್ಕೆ ಚಿತ್ರ ಬರೆಯಲು ಹೋಗಿ ಕುಸಿಯುತ್ತದೆ. ಬಣ್ಣದ ಚೌಕಗಳ ಗುಟ್ಟು ಇಷ್ಟೆ. ಇದಕ್ಕೆ ಹೊಸ ಎಸ್‌ಎಂಪಿಎಸ್ ಏನು ಮಾಡೀತು, ಪಾಪ!

ಕೊಳ್ಳುವ ಮೊದಲೇ ಕಣ್ಣಿಗೆ ಬೀಳುವ ಸುಳಿವೂ ಇದೆ. 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಯಲ್ಲಿ ಎನ್‌ವಿಡಿಯಾ ವಿಜಿಎಯಂಥ ಹಳೆಯ ಅನಲಾಗ್ ಸಂಪರ್ಕವನ್ನೇ ಕೈಬಿಟ್ಟಿತ್ತು. ಆ ಹೆಸರಿನ ಕಾರ್ಡಿನ ಹಿಂಬದಿಯಲ್ಲಿ ಹಳೆಯ ನೀಲಿ ವಿಜಿಎ ಪೋರ್ಟ್ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಆರು ಪಿನ್ನಿನ ವಿದ್ಯುತ್ ಸಂಪರ್ಕವನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ಅಸಲಿ ಕಾರ್ಡುಗಳಲ್ಲೂ ಕೆಲವಕ್ಕೆ ಅದು ಇರುತ್ತದೆ. ಸಾಧ್ಯವಾದರೆ ಅಂಗಡಿಯಲ್ಲೇ ಜಿಪಿಯು-ಝಡ್ ಓಡಿಸಿ ತೋರಿಸಲು ಕೇಳಿ. ಅಸಲಿ ಮಾರುವವರಿಗೆ ಅದರಿಂದ ನಷ್ಟವಿಲ್ಲ.

ಹಣ ವಾಪಸು ಕೇಳಿದಾಗ ಅಂಗಡಿಯವರು ನಮ್ಮ ಬಿಲ್ಲನ್ನೇ ನಮಗೆ ತೋರಿಸಿದರು. ಅದರಲ್ಲಿ ಬರೆದಿದ್ದದ್ದು ‘ವಿಜಿಎ ಕಾರ್ಡ್ 4 ಜಿಬಿ’ ಎಂದಷ್ಟೆ. ಮಾದರಿಯ ಹೆಸರಿಲ್ಲ, ಸೀರಿಯಲ್ ಸಂಖ್ಯೆಯಿಲ್ಲ. 1050 ಟಿಐ ಎಂದು ನಾವು ಹೇಳಿಯೇ ಇಲ್ಲವಲ್ಲ ಎಂದರು. ಡಬ್ಬಿ ಮತ್ತು ಜಿಪಿಯು-ಝಡ್ ಪರದೆಯ ಚಿತ್ರ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನೀವು ಕೊಳ್ಳುವಾಗ ಮಾದರಿ, ಸೀರಿಯಲ್ ಸಂಖ್ಯೆ ಎರಡನ್ನೂ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ.