ಅಕ್ಷರ ಹಿಡಿದು ಪದ ಹುಡುಕುವ ವನ್‌ಲುಕ್: ಮೂರು ವರ್ಷದ ಬಳಕೆಯ ನಂತರ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರವಿರುವ ನಮ್ಮ ಮನೆಯ ಚಾವಡಿಗೆ ಸಂಜೆ ಐದರ ಮೇಲೆ ಎಂಟು ಹತ್ತು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಎಲ್ಲರೂ ಕನ್ನಡ ಮಾಧ್ಯಮದವರು. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮತ್ತೊಂದು ಲಿಪಿ. ಇಷ್ಟನ್ನೆಲ್ಲ ಸಲೀಸಾಗಿ ನಿಭಾಯಿಸುವ ಈ ಮಕ್ಕಳು ಇಂಗ್ಲಿಷ್ ಸ್ಪೆಲ್ಲಿಂಗ್ ಎಂದರೆ ಮಾತ್ರ ಮುಖ ಬಾಡಿಸುತ್ತಾರೆ. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವರಿಗೆ ಉಚ್ಚರಿಸದ ಅಕ್ಷರವನ್ನು ಯಾಕೆ ಬರೆಯಬೇಕು ಎಂಬ ಸಿಟ್ಟು ಬರುವುದು ನ್ಯಾಯವೇ.

ವನ್‌ಲುಕ್ ಎಂಬ ಜಾಲತಾಣವನ್ನು ನಾನು ಬಳಸಲು ಆರಂಭಿಸಿದ್ದು ಈ ಸಿಟ್ಟಿಗೆ ಉತ್ತರ ಹುಡುಕುತ್ತ. ಅದಕ್ಕೂ ಮೊದಲು ಮೊಬೈಲ್‌ನಲ್ಲಿ ಬೇರೊಂದು ಆ್ಯಪ್ ಹಾಕಿಕೊಂಡಿದ್ದೆ. ಒಂದು ಪದ ಹುಡುಕಿದರೆ ಎರಡು ಜಾಹೀರಾತು, ಸಿಕ್ಕಿದ ಪದಕ್ಕೆ ಅರ್ಥವೇ ಇಲ್ಲ. ಎರಡು ತಿಂಗಳಲ್ಲಿ ಅದನ್ನು ಕಿತ್ತು ಹಾಕಿದೆ. ವನ್‌ಲುಕ್‌ಗೆ ದುಡ್ಡು ಕೊಡಬೇಕಾಗಿಲ್ಲ, ಸಿಕ್ಕಿದ ಪದವನ್ನು ಒತ್ತಿದರೆ ಅರ್ಥ ಕೊಡುವ ನಿಘಂಟುಗಳಿಗೆ ದಾರಿ ತೆರೆಯುತ್ತದೆ.

ಬಳಸುವ ಕ್ರಮ ಸುಲಭ. ಗೊತ್ತಿರುವ ಅಕ್ಷರ ಬರೆದು, ಗೊತ್ತಿಲ್ಲದ ಕಡೆ ಚಿಹ್ನೆ ಹಾಕಿದರೆ ಅದಕ್ಕೆ ಹೊಂದುವ ಇಂಗ್ಲಿಷ್ ಪದಗಳ ಪಟ್ಟಿ ಬರುತ್ತದೆ. ನಕ್ಷತ್ರ ಚಿಹ್ನೆ ಹಾಕಿದ ಕಡೆ ಎಷ್ಟು ಅಕ್ಷರಗಳಾದರೂ ಬರಬಹುದು, ಪ್ರಶ್ನೆ ಚಿಹ್ನೆ ಹಾಕಿದ ಕಡೆ ಒಂದೇ ಒಂದು. ಪ್ರಶ್ನೆ ಚಿಹ್ನೆಯನ್ನು ಮಕ್ಕಳಿಗೆ ವಿವರಿಸಲು ನನಗೆ ನೆರವಾದದ್ದು ಷಟ್ಪದಿ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು ಎಂಬ ಪ್ರಾಸದ ನಿಯಮವನ್ನು ಅವರು ಕನ್ನಡ ಪಾಠದಲ್ಲಿ ಓದಿದ್ದರು. (ಆ ಕಟ್ಟನ್ನು ಬಿಟ್ಟು ಬರೆದ ಗೋವಿಂದ ಪೈಗಳ ಮಂಜೇಶ್ವರ ನಮ್ಮ ಜಿಲ್ಲೆಯದೇ ಎಂದು ಹೇಳದೆ ಆ ಪಾಠವನ್ನು ನಾನು ಎಂದೂ ಮುಗಿಸುವುದಿಲ್ಲ.) ಮೊದಲಿಗೆ ಒಂದು ಪ್ರಶ್ನೆ ಚಿಹ್ನೆ, ಆಮೇಲೆ ಬೇಕಾದ ಅಕ್ಷರ, ಕೊನೆಗೆ ನಕ್ಷತ್ರ: ಪ್ರಾಸಕ್ಕೆ ಪದ ಹುಡುಕುವ ಕವಿಯ ಕೆಲಸವೇ ಇದು ಎಂದೆ. ಮತ್ತೆ ವಿವರಿಸಬೇಕಾಗಲಿಲ್ಲ.

ಈ ತಾಣ ನನ್ನ ಪಾಠದಲ್ಲಿ ನೆಲೆಯೂರಿದ್ದು ಒಂದು ರಜಾ ಅರ್ಜಿಯಿಂದ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೊಟ್ಟೆ ಕೆಟ್ಟು ಎರಡು ದಿನ ಶಾಲೆಗೆ ಹೋಗಿರಲಿಲ್ಲ. ಅರ್ಜಿಯಲ್ಲಿ 'ಡಯೇರಿಯಾ' ಎಂದು ಬರೆಯಲು ನಾಲ್ಕು ಸಲ ಯತ್ನಿಸಿ ನಾಲ್ಕನ್ನೂ ಹೊಡೆದು ಹಾಕಿದ್ದ. ನಾನು ಸರಿಯಾದದ್ದನ್ನು ಬರೆದುಕೊಡಲಿಲ್ಲ. ಆರ್, ಆರ್, ಎಚ್ ಈ ಮೂರನ್ನು ಎರಡು ನಕ್ಷತ್ರಗಳ ನಡುವೆ ಇಟ್ಟು ಹುಡುಕು ಎಂದೆ. ಡಯೇರಿಯಾದ ಜೊತೆಗೆ ನೆಗಡಿಯ ಕಟಾರ್, ಪಿತ್ತಜನಕಾಂಗದ ಸಿರೋಸಿಸ್, ರಕ್ತಸ್ರಾವದ ಹೆಮರೇಜ್, ಎದೆಬಡಿತ ತಪ್ಪುವ ಅರಿದ್ಮಿಯಾ ಸಾಲಾಗಿ ಬಂದವು. ಅಲ್ಪವಿರಾಮ ಹಾಕಿ ಮುಂದೆ ಹತ್ತು ಪ್ರಶ್ನೆ ಚಿಹ್ನೆ ಮತ್ತು ಒಂದು ನಕ್ಷತ್ರ ಸೇರಿಸಿದರೆ ಹತ್ತಕ್ಕಿಂತ ಕಡಿಮೆ ಅಕ್ಷರದವು ಉದುರಿ ಹೋಗುತ್ತವೆ: 9 ಅಕ್ಷರದ ಡಯೇರಿಯಾ ಮರೆಯಾಯಿತು, 10 ಅಕ್ಷರದ ಅರಿದ್ಮಿಯಾ, 11 ಅಕ್ಷರದ ಹೆಮರೇಜ್ ಉಳಿದವು.

"ಎಲ್ಲವೂ ರೋಗವೇ ಯಾಕೆ ಟೀಚರ್?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ವೈದ್ಯರ ಪದಗಳು ಬಹುಪಾಲು ಗ್ರೀಕಿನಿಂದ ಬಂದವು. ಗ್ರೀಕಿನಲ್ಲಿ ಆರ್-ಎಚ್‌ನಿಂದ ಆರಂಭವಾಗುವ ಪದದ ಮೊದಲಿಗೆ ಇನ್ನೊಂದು ಪದ ಸೇರಿದಾಗ ಆರ್ ಇಮ್ಮಡಿಯಾಗುತ್ತದೆ. ಡಯೇರಿಯಾ ಎಂದರೆ ಒಳಗಿನಿಂದ ಹರಿದು ಹೋಗುವುದು. ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡಿದ್ದ ಮಕ್ಕಳಿಗೆ ಇದು ಗ್ರೀಕರ ಸಂಧಿ ಎಂದರೆ ಸಾಕಾಯಿತು. ಉರು ಹೊಡೆಯಬೇಕಾಗಿದ್ದ ಒಂದು ಸ್ಪೆಲ್ಲಿಂಗ್‌ಗೆ ಕಾರಣ ಸಿಕ್ಕಿತು, ಜೊತೆಗೆ ನಾಲ್ಕಾರು ಪದಗಳೂ ಸಿಕ್ಕಿದವು.

ಬೇಡದ ಅಕ್ಷರವನ್ನು ಹೊರಗಿಡುವ ಅನುಕೂಲವೂ ಇದೆ. ಮಾದರಿಯ ಕೊನೆಗೆ ಋಣ ಚಿಹ್ನೆ ಹಾಕಿ ಆ ಅಕ್ಷರ ಬರೆದರಾಯಿತು. ಕ್ಯೂ ಬಂದರೆ ಹಿಂದೆಯೇ ಯು ಬರಬೇಕು ಎಂದು ನಾನು ವರ್ಷಗಟ್ಟಲೆ ಕಲಿಸಿದ್ದೆ. ಕ್ಯೂ ಇರಲಿ, ಯು ಬೇಡ ಎಂದು ಹುಡುಕಿದಾಗ ನಿಖಾಬ್, ಕವ್ವಾಲಿ ಬಂದವು, ಕತಾರ್ ಕೂಡ. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮ ಸುತ್ತಮುತ್ತ ಕಡಿಮೆ, ಹಾಗಾಗಿ ಕತಾರ್ ಕಂಡದ್ದೇ ಮಕ್ಕಳು ಗದ್ದಲ ಎಬ್ಬಿಸಿದರು. ಬೆಳಿಗ್ಗೆ ಮದ್ರಸಕ್ಕೆ ಹೋಗಿ ಬರುವ ಹುಡುಗನೊಬ್ಬ ಎದ್ದು ನಿಂತು, ಅದು ಅರಬ್ಬಿಯ ಕಾಫ್ ಅಕ್ಷರ, ಗಂಟಲಿನ ಆಳದಿಂದ ಬರಬೇಕು ಎಂದು ಹೇಳಿ, ಎಲ್ಲರಿಂದಲೂ ಹೇಳಿಸಿದ. ಆ ದಿನ ಪಾಠ ಮಾಡಿದವನು ಅವನೇ.

ಆ್ಯಟ್ ಗುರುತು (@) ಹಾಕಿದರೆ ಸ್ವರ ಎಂದು ಇಲ್ಲಿನ ನಿಯಮ, ಅಂದರೆ ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ, ಆ ಸುರುಳಿ. ಅದರಲ್ಲಿ ವೈ ಕೂಡ ಸೇರುತ್ತದೆ ಎಂಬುದನ್ನು ನೆನಪಿಡಿ. ಐದು ಸ್ವರಗಳನ್ನು ಕ್ರಮವಾಗಿ, ನಡುನಡುವೆ ನಕ್ಷತ್ರ ಇಟ್ಟು ಹುಡುಕುವ ಉಪಾಯ ಎಂಟನೆಯ ತರಗತಿಯ ಹುಡುಗಿಯದು. 9 ಅಕ್ಷರದ ಫೆಸೀಶಸ್, 10 ಅಕ್ಷರದ ಅಬ್ಸ್ಟೀಮಿಯಸ್ ಅವಳಿಗೆ ಸಿಕ್ಕಿದವು. ಎರಡನೆಯದಕ್ಕೆ ಮಿತವಾಗಿ ಉಣ್ಣುವವನು ಎಂಬ ಅರ್ಥ. ಅದನ್ನು ಅವಳು ತನ್ನ ಅಜ್ಜನಿಗೆ ಅನ್ವಯಿಸಿದ್ದಾಳೆ.

ಹೊಸದಾಗಿ ಬಳಸುವವರು ಕೆಲವು ಸಂಗತಿ ತಿಳಿದಿರಬೇಕು. ಪಟ್ಟಿಯಲ್ಲಿ ಊರಿನ ಹೆಸರು, ವ್ಯಕ್ತಿಯ ಹೆಸರು, ಎರಡು ಮೂರು ಪದಗಳ ಗುಂಪು ಎಲ್ಲವೂ ಬೆರೆತಿರುತ್ತವೆ, ಆರಿಸಿಕೊಳ್ಳುವ ಕೆಲಸ ನಮ್ಮದು. ಅರ್ಥ ಇಂಗ್ಲಿಷಿನಲ್ಲಿರುವುದರಿಂದ ಪಕ್ಕದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಳ್ಳುತ್ತೇನೆ. ಪದಬಂಧ ತುಂಬಿಸಲು ಮಕ್ಕಳು ಇದನ್ನೇ ಹಿಡಿದರೆ ತಲೆ ಓಡಿಸುವುದನ್ನು ಬಿಟ್ಟುಬಿಡುತ್ತಾರೆ, ಅದು ನಿಜ. ಆದ್ದರಿಂದ ಮೊದಲ ಕಾಲು ಗಂಟೆ ಮೊಬೈಲ್ ದೇವರ ಕೋಣೆಯ ಹರಿವಾಣದಲ್ಲಿ ಮಗುಚಿ ಮಲಗಿರುತ್ತದೆ. ಆ ಹೊತ್ತಿನಲ್ಲಿ ನೆನಪಾದ ಪದಗಳನ್ನು ಸ್ಲೇಟಿನಲ್ಲಿ ಬರೆಯಬೇಕು, ಆಮೇಲೆ ಹುಡುಕಿ ಬಿಟ್ಟುಹೋದದ್ದನ್ನು ಸೇರಿಸಬೇಕು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಅದಕ್ಕಾಗಿ ಮೇ ತಿಂಗಳಲ್ಲೇ ಪಟ್ಟಿಗಳನ್ನು ಉದ್ದ ಗೆರೆಯ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇವೆ, ಅಕ್ಷರದ ಗುಂಪಿಗೊಂದು ಪುಟ. ಮೂರನೆಯ ಪುಸ್ತಕ ಈಗ ಅರ್ಧ ತುಂಬಿದೆ. ಮಕ್ಕಳು ಸದ್ಯ ಕೊನೆಯಲ್ಲಿ ಎಂ-ಬಿ ಬಂದು, ಬಿ ಮಾತ್ರ ಬಾಯಿಗೆ ಬಾರದ ಪದಗಳ ಪುಟದಲ್ಲಿದ್ದಾರೆ.