ಫ್ರೋಜನ್ ತರಕಾರಿ ಮ್ಯಾಕರೋನಿ ಚೀಸ್: ಲೇಬಲ್ ಓದಿಕೊಂಡು ತಿಂದವರ ಅಭಿಪ್ರಾಯ

ಫ್ರೀಜರಿನಿಂದ ತೆಗೆದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿನ್ನುವ ಈ ತರಕಾರಿ ಮ್ಯಾಕರೋನಿ ಚೀಸ್ ಟ್ರೇಯನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ರುಚಿಯ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ಮುಚ್ಚಳದ ಹಸಿರು ಬಣ್ಣವನ್ನೂ ‘ತರಕಾರಿಭರಿತ’ ಎಂಬ ಮಾತನ್ನೂ ನೋಡಿ, ಸಾದಾ ಮ್ಯಾಕರೋನಿ ಚೀಸ್‌ಗಿಂತ ಇದು ಆರೋಗ್ಯಕರವೆಂದು ಕೊಳ್ಳುವವರೇ ಹೆಚ್ಚು ಇರುವುದರಿಂದ, ಪೌಷ್ಟಿಕಾಂಶದ ವಿಚಾರವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

300 ಗ್ರಾಂ ಟ್ರೇಯ ಲೇಬಲ್ ಪ್ರಕಾರ ಒಟ್ಟು 430 ಕ್ಯಾಲರಿ, 17 ಗ್ರಾಂ ಪ್ರೋಟೀನ್, 49 ಗ್ರಾಂ ಕಾರ್ಬೋಹೈಡ್ರೇಟ್, 4 ಗ್ರಾಂ ನಾರಿನಂಶ, 18 ಗ್ರಾಂ ಕೊಬ್ಬು, ಅದರಲ್ಲಿ 9 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಮತ್ತು 820 ಮಿಲಿಗ್ರಾಂ ಸೋಡಿಯಂ ಇದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಇದು ದಿನದ ಶಕ್ತಿಯ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಒಂದು ಹೊತ್ತಿನ ಊಟಕ್ಕೆ ಅತಿಯೇನಲ್ಲ. ತೊಂದರೆ ಇರುವುದು ಕ್ಯಾಲರಿಯಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕೆಂದೂ, ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದೆಂದೂ ಹೇಳುತ್ತದೆ. ಈ ಲೆಕ್ಕದಲ್ಲಿ ಟ್ರೇಯೊಂದು ದಿನದ ಐದನೇ ಒಂದು ಭಾಗದಷ್ಟು ಶಕ್ತಿ ಕೊಟ್ಟು, ಉಪ್ಪು ಮತ್ತು ಸ್ಯಾಚುರೇಟೆಡ್ ಕೊಬ್ಬು ಎರಡರ ಮಿತಿಯಲ್ಲೂ ಹೆಚ್ಚುಕಡಿಮೆ ಐದನೇ ಎರಡು ಭಾಗವನ್ನು ಒಂದೇ ಹೊತ್ತಿಗೆ ಮುಗಿಸಿಬಿಡುತ್ತದೆ. ಚೀಸ್‌ನಲ್ಲಿರುವ ಉಪ್ಪಿನ ಜೊತೆಗೆ, ಸಾಸ್ ಒಡೆಯದಂತೆ ಬೆರೆಸುವ ಸೋಡಿಯಂ ಸಿಟ್ರೇಟ್, ಸೋಡಿಯಂ ಫಾಸ್ಫೇಟ್‌ನಂಥ ಲವಣಗಳೂ ಈ ಸೋಡಿಯಂ ಲೆಕ್ಕಕ್ಕೇ ಸೇರುತ್ತವೆ.

ಇನ್ನು ತರಕಾರಿ. ಪದಾರ್ಥಗಳ ಪಟ್ಟಿಯಲ್ಲಿ ಹೂಕೋಸು, ಕ್ಯಾರೆಟ್, ಬಟಾಣಿ ಸೇರಿ ಶೇ. 18 ಎಂದಿದೆ, ಅಂದರೆ ಇಡೀ ಟ್ರೇಯಲ್ಲಿ ಸುಮಾರು 54 ಗ್ರಾಂ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂಬ ಶಿಫಾರಸಿನ ಮುಂದೆ ಇದು ಏಳನೇ ಒಂದು ಭಾಗವೂ ಆಗದು. ಬಿಸಿ ಮಾಡಿ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದಾಗ ಅಂಚಿನಲ್ಲಿ ಸಾಸ್ ಕಂದುಗಟ್ಟಿ ಅಂಟಿಕೊಂಡಿರುತ್ತದೆ, ನಡುವೆ ಅಲ್ಲೊಂದು ಇಲ್ಲೊಂದು ಬಟಾಣಿ ಕಾಣುತ್ತದೆ, ಕ್ಯಾರೆಟ್ ಚೂರುಗಳು ಬಟಾಣಿಗಿಂತಲೂ ಚಿಕ್ಕವು, ಹೂಕೋಸಂತೂ ಸಾಸ್‌ನಲ್ಲೇ ಕರಗಿಹೋಗಿರುತ್ತದೆ. ಹೂಕೋಸನ್ನು ಹೀಗೆ ಅರೆದು ಸೇರಿಸಿರುವುದನ್ನು ನಾನು ಮೋಸವೆನ್ನುವುದಿಲ್ಲ, ಸಾಸ್ ದಪ್ಪವಾಗಲು ಬೇಕಾದ ಚೀಸನ್ನು ಅದು ಸ್ವಲ್ಪ ಉಳಿಸುತ್ತದೆ. ಆದರೆ ನಾರಿನಂಶ 4 ಗ್ರಾಂ ದಾಟದಿರುವುದಕ್ಕೆ ಬಿಳಿ ಹಿಟ್ಟಿನ ಮ್ಯಾಕರೋನಿಯಷ್ಟೇ ತರಕಾರಿಯ ಈ ಜಿಪುಣತನವೂ ಕಾರಣ.

ಒಳ್ಳೆಯ ಅಂಶಗಳನ್ನೂ ಹೇಳಬೇಕು. 17 ಗ್ರಾಂ ಪ್ರೋಟೀನ್ ಕಡಿಮೆಯೇನಲ್ಲ, ಗುಣಮಟ್ಟವೂ ಚೆನ್ನಾಗಿದೆ: ಗೋಧಿಯ ಪ್ರೋಟೀನ್‌ನಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹಾಲಿನ ಪ್ರೋಟೀನ್ ತುಂಬಿಕೊಡುತ್ತದೆ. ಚೆಡ್ಡರ್ ಚೀಸ್‌ನ 100 ಗ್ರಾಂನಲ್ಲಿ ಸುಮಾರು 700 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಆ ವಿಷಯದಲ್ಲಿ ಟ್ರೇಯನ್ನು ದೂರುವಂತಿಲ್ಲ. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್ ಕೊಬ್ಬಿನ ಜೊತೆಯಲ್ಲಿ ದೇಹಕ್ಕೆ ಚೆನ್ನಾಗಿ ಸೇರುವಂಥದ್ದು, ಹಾಗಾಗಿ ಇರುವ ನಾಲ್ಕು ಚೂರೂ ವ್ಯರ್ಥವಾಗುವುದಿಲ್ಲ.

ನಡುವೆ ತಯಾರಕರು ಮುಚ್ಚಳದ ಮೇಲೆ ‘ಈಗ ಇನ್ನೂ ಕಡಿಮೆ ಕ್ಯಾಲರಿ’ ಎಂದು ದೊಡ್ಡದಾಗಿ ಮುದ್ರಿಸಿದರು. ಹಳೆಯ ಟ್ರೇ 350 ಗ್ರಾಂ ಇತ್ತು, ಹೊಸದು 300 ಗ್ರಾಂ. ತಲಾ 100 ಗ್ರಾಂ ಲೆಕ್ಕದ ಅಂಕಣದಲ್ಲಿ ಒಂದು ಅಂಕೆಯೂ ಬದಲಾಗಿರಲಿಲ್ಲ. ಯಾವುದೇ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವವರೂ ಆ ಅಂಕಣವನ್ನೇ ನೋಡುವುದು ಒಳ್ಳೆಯದು. ಪುಡಿ ಚೀಸ್ ಇರುವ ಡಬ್ಬಿಯ ಮ್ಯಾಕರೋನಿಯೊಂದಿಗೆ ಹೋಲಿಸುವಾಗ ಇನ್ನೊಂದು ಎಚ್ಚರಿಕೆ ಬೇಕು: ಅಲ್ಲಿನ ಅಂಕೆಗಳು ಕೆಲವೊಮ್ಮೆ ಒಣ ಪದಾರ್ಥದ್ದಷ್ಟೇ ಆಗಿದ್ದು, ನಾವು ಸೇರಿಸುವ ಹಾಲು-ಬೆಣ್ಣೆ ಲೆಕ್ಕಕ್ಕೆ ಬಂದಿರುವುದಿಲ್ಲ.

ಇಷ್ಟಾದರೂ ನಾನು ಇದನ್ನು ಬಿಟ್ಟಿಲ್ಲ, ತಿನ್ನುವ ಕ್ರಮವನ್ನು ಮಾತ್ರ ಬದಲಿಸಿಕೊಂಡಿದ್ದೇನೆ. ಸಾಸ್ ಎಷ್ಟು ಗಟ್ಟಿಯಾಗಿ, ಉಪ್ಪಾಗಿ ಇದೆಯೆಂದರೆ ಅರ್ಧ ಟ್ರೇಗೆ ಉಪ್ಪು ಹಾಕದೆ ಬೇಯಿಸಿದ 100 ಗ್ರಾಂ ಬಟಾಣಿ ಬೆರೆಸಿದರೂ ಸಪ್ಪೆ ಎನಿಸುವುದಿಲ್ಲ. ಅಷ್ಟು ಬಟಾಣಿಯಲ್ಲಿ ಸುಮಾರು 80 ಕ್ಯಾಲರಿ, 5 ಗ್ರಾಂ ಪ್ರೋಟೀನ್, 5 ಗ್ರಾಂ ನಾರಿನಂಶ ಇರುತ್ತದೆ, ಅಂದರೆ ಒಂದು ಹಿಡಿ ಬಟಾಣಿಯ ನಾರು ಇಡೀ ಟ್ರೇಯದನ್ನು ಮೀರಿಸುತ್ತದೆ! ಹೀಗೆ ತಿಂದರೆ ಒಟ್ಟು 300 ಕ್ಯಾಲರಿಯ ಒಳಗೆ ಸುಮಾರು 13 ಗ್ರಾಂ ಪ್ರೋಟೀನ್, 7 ಗ್ರಾಂ ನಾರಿನಂಶ ಸಿಕ್ಕಿ, ಸೋಡಿಯಂ ಅರ್ಧಕ್ಕಿಳಿಯುತ್ತದೆ. ಬ್ರೊಕೊಲಿಯನ್ನೂ ಬೆರೆಸಬಹುದು, ಆದರೆ ನೀರಿನಲ್ಲಿ ಕುದಿಸಿದರೆ ವಿಟಮಿನ್ ಸಿ ನೀರಿಗೆ ಹೋಗಿಬಿಡುವುದರಿಂದ ಆವಿಯಲ್ಲಿ ಬೇಯಿಸುವುದು ಮೇಲು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿರುವವರಿಗೆ ಇಡೀ ಟ್ರೇಯನ್ನು ನಾನು ಶಿಫಾರಸು ಮಾಡುವುದಿಲ್ಲ. ಮಕ್ಕಳಿಗೆ ಕೊಡುವವರು ಸೋಡಿಯಂ ಮಿತಿ ಅವರಿಗೆ ವಯಸ್ಕರಿಗಿಂತ ಕಡಿಮೆ ಎಂಬುದನ್ನು ಗಮನದಲ್ಲಿಟ್ಟು, ಟ್ರೇಯನ್ನು ಹಂಚಿ, ತರಕಾರಿಯನ್ನು ಬೇರೆಯಾಗಿ ಬೇಯಿಸಿ ಸೇರಿಸುವುದು ಒಳ್ಳೆಯದು.